ಕಾಡುಹಳ್ಳಗಳು ಹೊತ್ತು ತರುವ ಹೂಳು

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯ ರೈತರಿಗೆ ನೀರಿನ ಕೊರತೆಯೇ ದೊಡ್ಡ ಚಿಂತೆ. ಇದೇ ತಾಲ್ಲೂಕಿನಲ್ಲಿ ಹರಿಯುವ ಯಗಚಿ ನದಿ ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನ ಕಾಡುಗಳಲ್ಲಿ. ಈ ನದಿಯ ನೀರನ್ನು ಹಳೇಬೀಡು, ಮಾದಿಹಳ್ಳಿ ಭಾಗದ ಕೆರೆಗಳಿಗೆ ಹರಿಸುವುದೇ ರಣಘಟ್ಟ ಯೋಜನೆಯ ಉದ್ದೇಶ. ನೀರು ಬರುವ ಕಡೆಗೆ ಅದು ಹೊತ್ತ ಮಣ್ಣೂ ಬರುತ್ತದೆ. ಆದುದರಿಂದ ಬೆಟ್ಟದ ಹಳ್ಳಗಳಲ್ಲಿ ಹೂಳು ಸಾಗುವ ಬಗೆಯನ್ನು ಮೇಲಿನ ತೋಟಗಾರರೂ ಕೆಳಗಿನ ಬೇಸಾಯಗಾರರೂ ತಿಳಿದಿರುವುದು ಅವಶ್ಯ.

ಹೂಳು ಸಾಗುವ ಬಗೆ

ಜೇಡಿ ಮತ್ತು ರೇವೆ ಮಣ್ಣು ನೀರಿನಲ್ಲಿ ತೇಲಿಕೊಂಡು ಬಹುದೂರ ಹೋಗುತ್ತವೆ. ಮರಳು, ಕಲ್ಲುಗಳು ಹಳ್ಳದ ತಳದಲ್ಲಿ ಉರುಳುತ್ತ ಸಾಗುತ್ತವೆ. ನೀರಿನ ವೇಗ ಎರಡರಷ್ಟಾದರೆ ಅದು ಸುಮಾರು 64 ಪಟ್ಟು ಭಾರದ ಕಲ್ಲನ್ನು ಉರುಳಿಸಬಲ್ಲದು. ಹೀಗಾಗಿ ವರ್ಷದ ಹೂಳಿನ ಬಹುಪಾಲು ಕೆಲವೇ ದಿನಗಳ ಬಿರುಸು ಮಳೆಯಲ್ಲಿ ಸಾಗಿಬಿಡುತ್ತದೆ.

ಕಾಡಿನ ತರಗೆಲೆ ಮತ್ತು ಬೇರುಗಳು ಮೇಲ್ಮಣ್ಣನ್ನು ಹಿಡಿದಿಡುತ್ತವೆ. ಆದರೂ ಹಳ್ಳದ ದಡ ಕುಸಿದಾಗ, ರಸ್ತೆಗಾಗಿ ಇಳಿಜಾರನ್ನು ಕಡಿದಾಗ, ಗುಡ್ಡ ಜಾರಿದಾಗ ಹೂಳು ಒಮ್ಮೆಲೇ ಹಳ್ಳಕ್ಕೆ ಬೀಳುತ್ತದೆ. ಬಿದ್ದ ಮರಗಳು ಇದನ್ನು ಒಡ್ಡಿನಂತೆ ತಡೆಯುತ್ತವೆ. ದೊಡ್ಡ ಪ್ರವಾಹದಲ್ಲಿ ಆ ಒಡ್ಡು ಒಡೆದರೆ ಹಲವು ವರ್ಷಗಳ ಸಂಗ್ರಹ ಗಂಟೆಗಳಲ್ಲಿ ಕೆಳಗೆ ನುಗ್ಗುತ್ತದೆ.

ಕಂಡ ಅನಾಹುತಗಳು

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು ಮತ್ತು ಸಂಪಾಜೆ ಬಳಿಯ ಜೋಡುಪಾಲದಲ್ಲಿ ಗುಡ್ಡಗಳು ಕುಸಿದು ಮನೆ, ತೋಟಗಳು ಮಣ್ಣುಪಾಲಾದವು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯೂ ಇದೇ ಗತಿ ಕಂಡಿತು. 2024ರ ಜುಲೈ 30ರಂದು ನೆರೆಯ ವಯನಾಡಿನಲ್ಲಿ ಕುಸಿದ ಗುಡ್ಡದ ಮಣ್ಣು, ಬಂಡೆ, ಮರಗಳು ಹೊಳೆಯ ಪಾತ್ರ ಹಿಡಿದು ಸುಮಾರು 8 ಕಿ.ಮೀ. ಸಾಗಿದವು, 200ಕ್ಕೂ ಹೆಚ್ಚು ಜನರು ಜೀವ ಕಳೆದುಕೊಂಡರು. ಕುಸಿತ ದೂರದಲ್ಲಿದೆ ಎಂದು ಹಳ್ಳದ ಬದಿಯವರು ನಿಶ್ಚಿಂತೆಯಿಂದ ಇರುವಂತಿಲ್ಲ.

ಅಪಾಯದ ಸೂಚನೆಗಳು

1. ಹಳ್ಳದ ನೀರು ಹಠಾತ್ತನೆ ಕೆಂಪಾಗಿ ರಾಡಿಯಾಗುವುದು.
2. ಮಳೆ ಸುರಿಯುತ್ತಿದ್ದರೂ ಹರಿವು ಕುಗ್ಗುವುದು. ಮೇಲೆ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ.
3. ಕಲ್ಲುಗಳು ಉರುಳುವ ಗುಡುಗಿನಂತಹ ಶಬ್ದ.
4. ಇಳಿಜಾರಿನಲ್ಲಿ ಹೊಸ ಬಿರುಕು, ವಾಲುತ್ತಿರುವ ಮರಗಳು.

ಇವುಗಳಲ್ಲಿ ಒಂದು ಕಂಡರೂ ಕೂಡಲೇ ಹಳ್ಳ ಬಿಟ್ಟು ಪಕ್ಕದ ಎತ್ತರದ ಜಾಗಕ್ಕೆ ಹೋಗಬೇಕು. ಹಳ್ಳದ ಗುಂಟ ಕೆಳಕ್ಕೆ ಓಡಬಾರದು. ದನಕರು, ಪಂಪ್‌ಸೆಟ್ಟುಗಳಿಗಾಗಿ ಹಿಂದಿರುಗಬಾರದು.

ಮೇಲಿನ ತೋಟಗಾರರು ಮಾಡಬೇಕಾದುದು

ಹಳ್ಳದ ಎರಡೂ ದಡಗಳಲ್ಲಿ ಮರಗಿಡಗಳ ಪಟ್ಟಿಯನ್ನು ಕಡಿಯದೆ ಬಿಡಬೇಕು. ಕಡಿದ ರಸ್ತೆಬದಿಗೆ ಲಾವಂಚ ಅಥವಾ ಹುಲ್ಲು ನೆಟ್ಟು, ಚರಂಡಿ ನೀರು ಒಂದೇ ಕಡೆ ಇಳಿಜಾರಿಗೆ ಸುರಿಯದಂತೆ ನೋಡಿಕೊಳ್ಳಬೇಕು. ತೊಟ್ಟಿಲು ಗುಂಡಿಗಳು ಸಾಧಾರಣ ಇಳಿಜಾರಿಗೆ ಒಳ್ಳೆಯವು. ಬಿರುಕು ಬಿಟ್ಟ ಕಡಿದಾದ ಗುಡ್ಡದಲ್ಲಿ ನೀರು ಇಂಗಿಸುವುದು ಅಪಾಯಕರ. ಮಳೆಗಾಲಕ್ಕೆ ಮುಂಚೆ ಮೋರಿಗಳಿಗೆ ಸಿಕ್ಕಿದ ದಿಮ್ಮಿಗಳನ್ನು ತೆಗೆಯಬೇಕು. ಆದರೆ ಕಾಡಿನೊಳಗೆ ಭದ್ರವಾಗಿ ಕುಳಿತ ಮರಗಳನ್ನೆಲ್ಲ ಎಳೆದುಹಾಕಿದರೆ ಅವು ತಡೆದ ಹೂಳು ಸಡಿಲಾಗುತ್ತದೆ.

ಕೆಳಗಿನ ಬೇಸಾಯಗಾರರು ಮಾಡಬೇಕಾದುದು

ಅಣೆಕಟ್ಟೆಯಲ್ಲಿ ಕಲ್ಲು, ಮರಳು ನಿಂತರೂ ನುಣುಪಾದ ಮಣ್ಣು ನೀರಿನೊಡನೆ ಮುಂದೆ ಸಾಗುತ್ತದೆ. ಕೆರೆಗೆ ನೀರು ಬರುವ ಬಾಯಲ್ಲಿ ಹೂಳುಗುಂಡಿ ತೋಡಿ ಪ್ರತಿ ಬೇಸಿಗೆಯಲ್ಲೂ ತೆಗೆಯಬೇಕು. ಮಣ್ಣು ಪರೀಕ್ಷೆ ಮಾಡಿಸಿದ ನಂತರ ಕೆರೆಗೋಡನ್ನು ಕೆಂಪು ಮರಳು ಮಿಶ್ರಿತ ಹೊಲಗಳಿಗೆ ಹರಡಿದರೆ ತೇವ ಹಿಡಿಯುವ ಶಕ್ತಿ ಹೆಚ್ಚುತ್ತದೆ. ಗದ್ದೆಯ ಮೇಲೆ ಪ್ರವಾಹದ ಮರಳು ಎರಡು ಅಂಗುಲದೊಳಗೆ ನಿಂತಿದ್ದರೆ ಸಾವಯವ ಗೊಬ್ಬರದೊಡನೆ ಆಳವಾಗಿ ಉತ್ತು ಬೆರೆಸಬಹುದು. ದಪ್ಪವಾಗಿದ್ದರೆ ತೆಗೆದುಹಾಕುವುದೇ ಲೇಸು.

ಬೆಟ್ಟದಲ್ಲಿ ಉಳಿದ ಒಂದು ಬುಟ್ಟಿ ಮಣ್ಣು ಕೆರೆಯಲ್ಲಿ ಒಂದು ಬುಟ್ಟಿ ನೀರಿಗೆ ಜಾಗ ಉಳಿಸುತ್ತದೆ. ಹೆಚ್ಚಿನ ವಿವರಗಳಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲಿ, ಹಾಸನದ ಬಳಿಯ ಕಂದಲಿ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಬಹುದು.