ಹೆಸರು ಒಂದೇ, ಸಂಬಳ ಯಾರದು?

ಕೋಲಾರ ಸೀಮೆಯಲ್ಲಿ ಮುನಿಯಪ್ಪ, ನಾರಾಯಣಸ್ವಾಮಿ ಎಂಬ ಹೆಸರುಗಳಿಗೆ ಬರವಿಲ್ಲ. ಮಗುವಿನ ಜೀವನಾಂಶಕ್ಕಾಗಿ ಬಂದ ನ್ಯಾಯಸ್ಥಾನದ ಆಜ್ಞೆಯನ್ನು ಗುಮಾಸ್ತನು ಹೆಸರು ಮಾತ್ರ ನೋಡಿ ಜಾರಿಮಾಡಿದರೆ, ಮತ್ತೊಬ್ಬ ಮುನಿಯಪ್ಪನ ಮನೆಯ ಅಕ್ಕಿಗೆ ಕತ್ತರಿ ಬೀಳುವುದು. ಅದೇನು ಸಣ್ಣ ಕತ್ತರಿಯಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣವು ಜೀವನಾಂಶದ ಡಿಕ್ರಿಯಲ್ಲಿ ನೌಕರನಿಗೆ ಉಳಿಸುವುದು ಸಂಬಳದ ಮೂರರಲ್ಲೊಂದು ಪಾಲನ್ನಷ್ಟೇ. ಮಗುವಿನ ಹಸಿವಿನ ಮುಂದೆ ಅದು ನ್ಯಾಯವೇ ಸರಿ. ಹಿಡಿದದ್ದು ತಂದೆಯನ್ನೇ ಆಗಿರಬೇಕು! ತಪ್ಪಾಗಿ ಹಿಡಿದ ಹಣವು ಅಷ್ಟರಲ್ಲಿ ಹಾಲಿಗೆ ವೆಚ್ಚವಾಗಿರುತ್ತದೆ. ಅದನ್ನು ತಾಯಿಯಿಂದ ಮರಳಿ ಕೇಳುವುದು ಕ್ರೌರ್ಯ. ತಪ್ಪಿದ ಕಚೇರಿಯೇ ತುಂಬಿಕೊಡತಕ್ಕದ್ದು. ಗುರುತು ಹಿಡಿಯುವ ನೆಪದಲ್ಲಿ ಬಡವನನ್ನು ಅವಮಾನಿಸಬೇಕಾಗಿಯೂ ಇಲ್ಲ. 1930ರಲ್ಲಿ ಇಲ್ಲಿಯ ಚಿನ್ನದ ಗಣಿಗಳ ಕಾರ್ಮಿಕರು ಬೆರಳಚ್ಚಿನ ದಾಖಲೆಯನ್ನು ವಿರೋಧಿಸಿ ಮುಷ್ಕರ ಹೂಡಿದ್ದರು. ತಂದೆಯ ಹೆಸರು, ಊರು, ನೌಕರಿಯ ಸಂಖ್ಯೆ ಇಷ್ಟು ಆಜ್ಞೆಯಲ್ಲಿದ್ದರೆ ಸಾಕು. ಮೊದಲ ಕಡಿತಕ್ಕೆ ಮುನ್ನ ಆ ನೌಕರನನ್ನೇ ಕರೆದು ಕೇಳಲು ಎಷ್ಟು ಹೊತ್ತು ಬೇಕು?