ಮುಚ್ಚಿದ ಕಿಟಕಿ, ಹಂಚಿದ ಉಸಿರು

ಬನದ ಹುಣ್ಣಿಮೆಗೆ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಬಸ್ಸುಗಳಲ್ಲಿ ಚಳಿಗೆಂದು ಕಿಟಕಿಗಳನ್ನು ಮುಚ್ಚಿರುವುದನ್ನು ನಾವು ಕಾಣುತ್ತೇವೆ. ನಮ್ಮ ದಾಸೋಹ ಮನೆ, ಪ್ರಸಾದ ನಿಲಯಗಳಲ್ಲಿಯೂ ಇದೇ ರೂಢಿ. ಕೋವಿಡ್‌ನಂತಹ ವೈರಾಣುಗಳು ಕೆಮ್ಮಿನಿಂದಷ್ಟೇ ಅಲ್ಲ, ಮಾತು, ಭಜನೆಗಳಿಂದಲೂ ಸೂಕ್ಷ್ಮ ಕಣಗಳಲ್ಲಿ ಹೊರಬಿದ್ದು, ಗಾಳಿಯಾಡದ ಕಡೆ ಬಹುಹೊತ್ತು ತೇಲುತ್ತವೆ. ಫ್ಯಾನು ಅವನ್ನು ಕೋಣೆಯೊಳಗೇ ಸುತ್ತಿಸುವುದೇ ಹೊರತು ಹೊರಹಾಕದು. ಎದುರುಬದುರಿನ ಕಿಟಕಿಗಳು ತೆರೆದಿರಬೇಕು. ಹಿರಿಯರ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯಾದರೂ ಇತ್ತು, ಸಿಮೆಂಟಿನ ಛತ್ತಿಗೆ ಅದೂ ಇಲ್ಲ! ಜನ ಸೇರುವ ಕಟ್ಟಡಗಳಲ್ಲಿ ಒಬ್ಬೊಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿತು. ಪ್ರಸಾದದ ಪಂಕ್ತಿಯಲ್ಲಿ ಮಾಸ್ಕ್ ಧರಿಸಲಾಗದು. ಆದ್ದರಿಂದ ಅಲ್ಲಿ ಚಿಕ್ಕ ಪಂಕ್ತಿಗಳೇ ಲೇಸು. ಜ್ವರ, ಕೆಮ್ಮು ಇದ್ದವರಿಗೆ ಪ್ರಸಾದವನ್ನು ಮನೆಗೇ ಮುಟ್ಟಿಸೋಣ.