ಹನ್ನೆರಡು ಪದಗಳ ಅಮಾನತ್

ಕಳೆದ ತಿಂಗಳ ಒಂದು ಜುಮಾದಲ್ಲಿ ನಾವು ಅಮಾನತ್ ಕುರಿತು ಮಾತಾಡಿದ್ದೆವು. ನೆರೆಯವರು ನಂಬಿ ಇಟ್ಟು ಹೋದ ಒಡವೆ, ಮಸೀದಿಯ ಚಂದಾ, ಯತೀಮ್ ಮಕ್ಕಳ ಪಾಲು, ಒಬ್ಬರು ಕಿವಿಯಲ್ಲಿ ಹೇಳಿದ ಗುಟ್ಟು, ಇವೆಲ್ಲವೂ ಅಮಾನತ್ ಎಂದು ವಿವರಿಸಿದ್ದೆವು. ನಮಾಝ್ ಮುಗಿದು ಜನ ಚದುರಿದ ಮೇಲೆ ಒಬ್ಬ ಯುವಕ ಹತ್ತಿರ ಬಂದ. ಬೆಂಗಳೂರಿನಲ್ಲಿ ಕೆಲಸ, ರಜೆ ಹಾಕಿ ಅರಸೀಕೆರೆಗೆ ಬಂದಿದ್ದ. "ಹಜ್ರತ್, ನನ್ನ ಹತ್ತಿರ ಸ್ವಲ್ಪ ಬಿಟ್‌ಕಾಯಿನ್ ಇದೆ. ಅದರ ಗುಪ್ತ ಪದಗಳನ್ನು ಫೋಟೋ ತೆಗೆದು ಫೋನಿನಲ್ಲೇ ಇಟ್ಟಿದ್ದೇನೆ. ಪರವಾಗಿಲ್ಲವಾ?" ಎಂದು ಕೇಳಿದ. ಪರವಾಗಿದೆ ಎಂದೆವು. ಏಕೆ ಎಂದು ಹೇಳಲು ಮಸೀದಿಯ ಮೆಟ್ಟಿಲ ಮೇಲೆ ಕೂತವರು ಅಸರ್ ಅಝಾನ್ ಆದಾಗಲೇ ಎದ್ದದ್ದು. ಅಲ್ಲಿ ಆಡಿದ ಮಾತನ್ನೇ ಇಲ್ಲಿ ಬರೆಯುತ್ತಿದ್ದೇವೆ. ಇಂಥ ಪ್ರಶ್ನೆ ಕೇಳುವ ಮಕ್ಕಳು ಈಗ ಬೇಲೂರು, ಹಳೇಬೀಡಿನ ಮನೆಗಳಲ್ಲೂ ಇದ್ದಾರೆ.

ಕ್ರಿಪ್ಟೋ ಹಲಾಲೋ ಹರಾಮೋ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕಬೇಡಿ. ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಈಜಿಪ್ಟಿನ ಮುಫ್ತಿಗಳು 2018ರಲ್ಲಿ ಬಿಟ್‌ಕಾಯಿನ್ ವ್ಯವಹಾರ ಸಲ್ಲದು ಎಂದರು. ಇಂಡೋನೇಷ್ಯಾದ ಉಲಮಾ ಮಂಡಳಿ 2021ರಲ್ಲಿ ಅದನ್ನು ಹಣವಾಗಿ ಬಳಸುವುದು ಹರಾಮ್ ಎಂದಿತು. ಮಲೇಷ್ಯಾದ ಷೇರು ನಿಯಂತ್ರಣ ಸಂಸ್ಥೆಯ ಶರೀಅತ್ ಸಲಹಾ ಮಂಡಳಿ 2020ರಲ್ಲಿ ಷರತ್ತುಗಳೊಂದಿಗೆ ಅನುಮತಿ ಕೊಟ್ಟಿತು. ನಮ್ಮ ಮಟ್ಟಿಗೆ, ಬೆಲೆ ಒಂದೇ ವಾರದಲ್ಲಿ ಏರಿ ಬೀಳುವ ವಸ್ತುವಿನಲ್ಲಿ ಮಗಳ ಮದುವೆಯ ಹಣ ಹಾಕಬೇಡಿ ಎಂದೇ ಹೇಳುತ್ತೇವೆ. ಆದರೆ ಈಗಾಗಲೇ ಇಟ್ಟುಕೊಂಡಿರುವವರ ಮಾಲು ಕಳ್ಳರ ಪಾಲಾಗಲಿ ಎನ್ನಲು ನಮಗೆ ಹಕ್ಕಿಲ್ಲ.

ವಾಲೆಟ್ ಎಂದರೇನು? ಹೆಸರು ಕೇಳಿ ಅದರೊಳಗೆ ನಾಣ್ಯ ಇರುತ್ತದೆ ಎಂದುಕೊಳ್ಳುತ್ತೇವೆ. ಇರುವುದಿಲ್ಲ. ನಮ್ಮ ಮಸೀದಿಯ ಬಾಗಿಲಲ್ಲಿ ಗಾಜಿನ ಚಂದಾ ಡಬ್ಬಿ ಇದೆಯಲ್ಲ, ಅದನ್ನು ನೆನೆಸಿಕೊಳ್ಳಿ. ಒಳಗೆ ಎಷ್ಟಿದೆ ಎಂದು ದಾರಿಹೋಕನಿಗೂ ಕಾಣುತ್ತದೆ. ಮೇಲಿನ ಸೀಳಿನಿಂದ ಯಾರು ಬೇಕಾದರೂ ಹಣ ಹಾಕಬಹುದು. ತೆಗೆಯುವುದು ಮಾತ್ರ ಬೀಗದ ಕೈ ಇದ್ದವರಿಗೆ. ಬ್ಲಾಕ್‌ಚೈನ್ ಎಂಬುದು ಇಂಥ ಕೋಟ್ಯಂತರ ಗಾಜಿನ ಡಬ್ಬಿಗಳ ಸಾಲು, ಲೋಕಕ್ಕೆಲ್ಲ ಕಾಣುವ ಲೆಕ್ಕದ ಪುಸ್ತಕ. ನಿಮ್ಮ ವಿಳಾಸ ಎಂದರೆ ಆ ಸೀಳು. ವಾಲೆಟ್ ಇಟ್ಟುಕೊಳ್ಳುವುದು ಬೀಗದ ಕೈಯನ್ನು. ಆ ಕೈ ಮುರಿದರೆ ಅಥವಾ ಕಳೆದರೆ ಇನ್ನೊಂದು ಮಾಡಿಸಿಕೊಳ್ಳಲೆಂದು, ವಾಲೆಟ್ ತೆರೆಯುವಾಗ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳನ್ನು ಕೊಡುತ್ತಾರೆ. 2048 ಸಾಧಾರಣ ಪದಗಳ ಪಟ್ಟಿಯಿಂದ ಆರಿಸಿದ ಪದಗಳು ಅವು. ಪದಗಳು, ಅವುಗಳ ಕ್ರಮ, ಎರಡೂ ಯಾರಿಗೆ ಗೊತ್ತೋ ಹಣ ಅವರದು. ಬ್ಯಾಂಕ್ ಮ್ಯಾನೇಜರ್ ಇಲ್ಲ, ಆಧಾರ್ ತೋರಿಸುವ ಹಾಗಿಲ್ಲ, ಹೋದ ಹಣ ವಾಪಸ್ ತರಿಸುವ ಅಧಿಕಾರಿ ಇಲ್ಲ.

ಇದು ದೂರದ ದೇಶದ ಮಾತಲ್ಲ. ನಮ್ಮ ಊರಿನಿಂದ ಬೆಂಗಳೂರಿಗೆ ಹೋಗುವ ರೈಲು ತುಮಕೂರಿನಲ್ಲಿ ನಿಲ್ಲುತ್ತದೆ. ಅಲ್ಲಿ 2017ರಲ್ಲಿ ಯುನೋಕಾಯಿನ್ ಎಂಬ ಕಂಪನಿಯ 60.6 ಬಿಟ್‌ಕಾಯಿನ್ ಕಳುವಾಯಿತು. ಆಗಿನ ಬೆಲೆಯಲ್ಲಿ ಒಂದು ಕೋಟಿಗೂ ಮೇಲೆ, ಇಂದಿನ ಬೆಲೆಯಲ್ಲಿ ಲೆಕ್ಕ ಹಾಕಿದರೆ ಎದೆ ಧಸಕ್ ಎನ್ನುತ್ತದೆ. ಆ ಪ್ರಕರಣದಲ್ಲಿ ವಿಶೇಷ ತನಿಖಾ ತಂಡ ಪ್ರಮುಖ ಆರೋಪಿಯನ್ನು ಬಂಧಿಸಿದ್ದು 2024ರಲ್ಲಿ, ಏಳು ವರ್ಷದ ನಂತರ. ಇದಕ್ಕೂ ವಿಚಿತ್ರ ಇನ್ನೊಂದು. 2021ರ ಜನವರಿಯಲ್ಲಿ ಬೆಂಗಳೂರು ಪೊಲೀಸರು ಒಬ್ಬ ಹ್ಯಾಕರ್‌ನಿಂದ 31 ಬಿಟ್‌ಕಾಯಿನ್, ಸುಮಾರು ಒಂಬತ್ತು ಕೋಟಿ ರೂಪಾಯಿಯದ್ದು, ವಶಪಡಿಸಿಕೊಂಡೆವು ಎಂದು ಪ್ರಕಟಿಸಿದರು. ಮುಂದೆ ನೋಡಿದರೆ ಪರದೆಯ ಮೇಲೆ ಕಂಡ ಆ ನಾಣ್ಯ ಪೊಲೀಸರ ಕೈಗೆ ಬಂದೇ ಇರಲಿಲ್ಲ. ಡಬ್ಬಿ ಕಂಡಿತ್ತು, ಬೀಗದ ಕೈ ಸಿಕ್ಕಿರಲಿಲ್ಲ. ಪೊಲೀಸರಿಗೇ ಹೀಗಾದರೆ ನಮ್ಮ ನಿಮ್ಮ ಪಾಡೇನು?

"ನಾನು ಕಂಪನಿಯ ಆ್ಯಪ್‌ನಲ್ಲೇ ಇಟ್ಟಿದ್ದೇನೆ, ಪದಗಳ ರಗಳೆಯೇ ಇಲ್ಲ" ಎನ್ನುವವರಿದ್ದಾರೆ. ವಿನಿಮಯ ಕೇಂದ್ರದಲ್ಲಿ, ಅಂದರೆ ಎಕ್ಸ್‌ಚೇಂಜ್‌ನಲ್ಲಿ, ಇಟ್ಟರೆ ಬೀಗದ ಕೈ ಅವರ ಬಳಿ ಇರುತ್ತದೆ. ನಿಮ್ಮ ಹತ್ತಿರ ಇರುವುದು ಅವರು ಕೊಡುವ ಭರವಸೆ ಮಾತ್ರ. ಬ್ಯಾಂಕ್ ಮುಳುಗಿದರೆ ಐದು ಲಕ್ಷದವರೆಗೆ ವಿಮೆ ಇದೆ, ಇದಕ್ಕೆ ಅದೂ ಇಲ್ಲ. ಲಾಭದ ಮೇಲೆ ಶೇಕಡಾ 30 ತೆರಿಗೆ ಹಾಕಿದ್ದಾರೆ, ಆದ್ದರಿಂದ ಸರ್ಕಾರ ಒಪ್ಪಿದೆ ಎಂದು ಕೆಲವರ ವಾದ. ತೆರಿಗೆ ಪಡೆಯುವುದು ಬೇರೆ, ಕಾವಲು ಕಾಯುವುದು ಬೇರೆ.

2024ರ ಜುಲೈ 18ರಂದು ವಝೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್, ಎರಡು ಸಾವಿರ ಕೋಟಿ ರೂಪಾಯಿಯಷ್ಟು, ಒಮ್ಮೆಲೇ ಹೋಯಿತು. ಅಲ್ಲಿ ಕಾವಲು ಸಡಿಲವಿತ್ತು ಎನ್ನುವ ಹಾಗಿಲ್ಲ. ಮಸೀದಿಯ ಡಬ್ಬಿಗೆ ಎರಡು ಬೀಗ ಹಾಕಿ ಒಂದು ಕೈ ಮುತವಲ್ಲಿಯ ಬಳಿ, ಇನ್ನೊಂದು ಖಜಾಂಚಿಯ ಬಳಿ ಇಡುತ್ತೇವಲ್ಲ, ಹಾಗೆ ಅವರಲ್ಲಿ ಆರು ಜನ ಸಹಿದಾರರಿದ್ದರು. ನಾಲ್ವರು ಒಪ್ಪದೆ ಹಣ ಹೊರಡುತ್ತಿರಲಿಲ್ಲ. ಆದರೂ ಹೋಯಿತು. ಪರದೆಯ ಮೇಲೆ ಕಂಡ ವ್ಯವಹಾರ ಒಂದು, ಸಹಿ ಬಿದ್ದದ್ದು ಮತ್ತೊಂದಕ್ಕೆ ಎಂದು ಕಂಪನಿ ಹೇಳಿತು. ಖಜಾಂಚಿಗೆ ಕರೆಂಟ್ ಬಿಲ್ ಎಂದು ತೋರಿಸಿ ಆಸ್ತಿ ಪತ್ರಕ್ಕೆ ಸಹಿ ಹಾಕಿಸಿಕೊಂಡ ಹಾಗೆ. ಮಾಡಿದವರು ಉತ್ತರ ಕೊರಿಯಾದವರು ಎಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಸರ್ಕಾರಗಳು 2025ರ ಜನವರಿಯಲ್ಲಿ ಒಟ್ಟಾಗಿ ಹೇಳಿದವು. ಹಣ ಇಟ್ಟವರ ಖಾತೆಗಳು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಕೊಂಡಿದ್ದವು. ಸಿಂಗಾಪುರದ ನ್ಯಾಯಾಲಯದ ಒಪ್ಪಿಗೆ ಪಡೆದು ಕಂಪನಿ ಮತ್ತೆ ಬಾಗಿಲು ತೆರೆದದ್ದು 2025ರ ಅಕ್ಟೋಬರಿನಲ್ಲಿ.

ಮರುವರ್ಷ ಅದೇ ಜುಲೈಯಲ್ಲಿ ಕಾಯಿನ್‌ಡಿಸಿಎಕ್ಸ್ ಸರದಿ. 379 ಕೋಟಿ ರೂಪಾಯಿ ಹೋಯಿತೆಂದು ಬೆಂಗಳೂರಿನ ವೈಟ್‌ಫೀಲ್ಡ್ ಪೊಲೀಸರಲ್ಲಿ ದೂರು ದಾಖಲಾಯಿತು. ಕಂಪನಿಯ ನೌಕರನೊಬ್ಬ ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಹೊರಗಿನವರ ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದ, ಆ ದಾರಿಯಲ್ಲೇ ಕಳ್ಳರು ಒಳಗೆ ನುಸುಳಿದರು ಎಂದು ಪೊಲೀಸರು ಅವನನ್ನು ಬಂಧಿಸಿದರು. ಕಳ್ಳತನ ನನಗೆ ಗೊತ್ತಿಲ್ಲ ಎಂದು ಅವನು ಹೇಳಿದ. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಗ್ರಾಹಕರ ನಾಣ್ಯವನ್ನು ಬೇರೆಯಾಗಿ, ಇಂಟರ್ನೆಟ್ ಸಂಪರ್ಕವಿಲ್ಲದ ವಾಲೆಟ್‌ಗಳಲ್ಲಿ ಇಟ್ಟಿದ್ದೇವೆ, ಹೋದದ್ದು ನಮ್ಮ ಸ್ವಂತ ವ್ಯವಹಾರದ ಖಾತೆಯಿಂದ ಎಂದು ಕಂಪನಿ ತಿಳಿಸಿ ನಷ್ಟವನ್ನು ತಾನೇ ಹೊತ್ತಿತು.

ಇಂಟರ್ನೆಟ್‌ಗೆ ಸೇರಿದ್ದನ್ನು ಹಾಟ್ ವಾಲೆಟ್, ಸೇರದ್ದನ್ನು ಕೋಲ್ಡ್ ವಾಲೆಟ್ ಎನ್ನುತ್ತಾರೆ. ಸಂತೆಗೆ ಹೋಗುವವನು ಜೇಬಿನಲ್ಲಿ ನೂರಿನ್ನೂರು ಇಟ್ಟುಕೊಂಡು, ಕೊಬ್ಬರಿ ಮಾರಿದ ಹಣವನ್ನು ಮನೆಯ ಬೀರುವಿನಲ್ಲಿ ಇಡುವುದಿಲ್ಲವೇ? ಅಷ್ಟೇ ವಿಷಯ. ಫೋನಿನ ಆ್ಯಪ್ ಜೇಬು. ಲೆಡ್ಜರ್, ಟ್ರೆಝರ್ ಮುಂತಾದ ಪೆನ್‌ಡ್ರೈವ್‌ನಂತಹ ಸಣ್ಣ ಸಾಧನಗಳು ಬೀರು. ಬೀಗದ ಕೈ ಆ ಸಾಧನದ ಒಳಗೇ ಇರುತ್ತದೆ, ಕಂಪ್ಯೂಟರಿಗೆ ಜೋಡಿಸಿದರೂ ಹೊರಗೆ ಬರುವುದಿಲ್ಲ. ಕೆಲವು ಸಾವಿರ ರೂಪಾಯಿ ಆಗುತ್ತದೆ. ಕಳೆದರೆ ಒಂದು ತಿಂಗಳ ಸಂಸಾರ ಅಲುಗಾಡುವಷ್ಟು ಹಣ ಇರುವವರು ಕೊಳ್ಳಲಿ, ಸಾವಿರ ಎರಡು ಸಾವಿರ ಇಟ್ಟವರಿಗೆ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕೊಳ್ಳುವಾಗ ತಯಾರಿಸಿದ ಕಂಪನಿಯಿಂದಲೇ ಕೊಳ್ಳಿ. ಬಳಸಿದ ಹಳೆಯ ಸಾಧನ ಬೇಡ. ಪೆಟ್ಟಿಗೆ ತೆರೆದಾಗ ಪದಗಳು ಮೊದಲೇ ಬರೆದಿಟ್ಟಿದ್ದರೆ ಅದು ಮೋಸ. ನೀವು ತುಂಬಿದ ಹಣಕ್ಕಾಗಿ ಇನ್ನೊಬ್ಬ ಕಾಯುತ್ತಿದ್ದಾನೆ ಎಂದೇ ಅರ್ಥ. ಹಣ ಕಳಿಸುವಾಗ ವಿಳಾಸವನ್ನು ಸಾಧನದ ಪುಟ್ಟ ಪರದೆಯ ಮೇಲೆ ಪೂರ್ತಿ ಓದಿ. ಕಂಪ್ಯೂಟರಿನಲ್ಲಿ ಕಾಪಿ ಮಾಡಿದ ವಿಳಾಸವನ್ನು ಅಂಟಿಸುವಷ್ಟರಲ್ಲಿ ಬದಲಿಸಿಬಿಡುವ ವೈರಸ್‌ಗಳಿವೆ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಹೊಂದುವ ನಕಲಿ ವಿಳಾಸ ಸೃಷ್ಟಿಸುವವರೂ ಇದ್ದಾರೆ.

ಎಕ್ಸ್‌ಚೇಂಜ್‌ನಲ್ಲೇ ಇಡುವವರು ಎಸ್ಎಂಎಸ್ ಒಟಿಪಿ ಮೇಲೆ ಮಾತ್ರ ನಂಬಿಕೆ ಇಡಬಾರದು. ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ತೆಗೆಸಿದರೆ ಒಟಿಪಿ ಕಳ್ಳನಿಗೇ ಹೋಗುತ್ತದೆ. ಫೋನಿನಲ್ಲೇ ಸಂಖ್ಯೆ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ.

ಇನ್ನು ಆ ಯುವಕನ ಫೋಟೋ ವಿಚಾರ. ಫೋನಿನ ಗ್ಯಾಲರಿಯಲ್ಲಿರುವ ಚಿತ್ರಗಳನ್ನು ಓದಿ ಅವುಗಳಲ್ಲಿ ಈ ಗುಪ್ತ ಪದಗಳನ್ನೇ ಹುಡುಕುವ ಸ್ಪಾರ್ಕ್‌ಕ್ಯಾಟ್ ಎಂಬ ಕಳ್ಳ ತಂತ್ರಾಂಶವನ್ನು ಕ್ಯಾಸ್ಪರ್‌ಸ್ಕಿ ಸಂಸ್ಥೆ 2025ರ ಫೆಬ್ರವರಿಯಲ್ಲಿ ಬಯಲಿಗೆಳೆಯಿತು. ಅದು ಗೂಗಲ್ ಮತ್ತು ಆ್ಯಪಲ್ ಎರಡರ ಅಧಿಕೃತ ಅಂಗಡಿಗಳಲ್ಲಿದ್ದ ಆ್ಯಪ್‌ಗಳ ಒಳಗೇ ಅಡಗಿತ್ತು. ಆದ್ದರಿಂದ ಫೋಟೋ ಬೇಡ, ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವುದೂ ಬೇಡ, ಇಮೇಲ್ ಕರಡೂ ಬೇಡ. ಫೋಟೋ ಒಮ್ಮೆ ತೆಗೆದಾಗಿದ್ದರೆ ಅಳಿಸಿದರೆ ಸಾಲದು, ಅದರ ಪ್ರತಿ ಎಲ್ಲೆಲ್ಲಿ ಹೋಗಿದೆಯೋ ಗೊತ್ತಾಗುವುದಿಲ್ಲ. ಹೊಸ ಪದಗಳ ಹೊಸ ವಾಲೆಟ್ ತೆರೆದು ಇದ್ದದ್ದನ್ನೆಲ್ಲ ಅದಕ್ಕೆ ಸಾಗಿಸಬೇಕು.

ಪದಗಳನ್ನು ಕೈಯಲ್ಲಿ ಬರೆಯಿರಿ. ಬೇಲೂರಿನ ಕಡೆ ಮಳೆಗಾಲದ ಥಂಡಿ, ಗೆದ್ದಲು ನಿಮಗೆ ಗೊತ್ತಿರುವುದೇ. ಕಾಗದವನ್ನು ನಂಬಿ ಮಣ್ಣಿನ ಗೋಡೆಯ ಗೂಡಿನಲ್ಲಿ ಇಡಬೇಡಿ. ಸ್ಟೀಲ್ ತಟ್ಟೆಯ ಮೇಲೆ ಕೊರೆಸಿ ಇಡುವವರಿದ್ದಾರೆ. ಪಾತ್ರೆಯ ಮೇಲೆ ಹೆಸರು ಕೆತ್ತುವ ಯಂತ್ರದಿಂದ ಸಾಧ್ಯ, ಆದರೆ ಅಂಗಡಿಯವನ ಕೈಯಲ್ಲಿ ಕೆತ್ತಿಸಬೇಡಿ, ನೀವೇ ಕೆತ್ತಿ! ಎರಡು ಪೂರ್ಣ ಪ್ರತಿ ಮಾಡಿ, ಎರಡು ಕಡೆ ಇಡಿ: ಒಂದು ಬ್ಯಾಂಕ್ ಲಾಕರಿನಲ್ಲಿ, ಒಂದು ಮನೆಯಲ್ಲಿ. ಆರು ಪದ ಅಣ್ಣನಿಗೆ, ಆರು ಪದ ತಮ್ಮನಿಗೆ ಎಂದು ಹಂಚುವುದು ಜಾಣತನದಂತೆ ಕಂಡರೂ, ಒಬ್ಬನ ಚೀಟಿ ಕಳೆದರೆ ಇಬ್ಬರದೂ ಕಳೆದಂತೆ.

ಪದಗಳನ್ನು ಯಾರು ಕೇಳಿದರೂ, ಕಸ್ಟಮರ್ ಕೇರ್ ಎಂದು ಹೇಳಿಕೊಂಡು ಟೆಲಿಗ್ರಾಂನಲ್ಲಿ ಕೇಳಿದರೂ, ಅವನು ಕಳ್ಳನೇ. ನಿಜವಾದ ಕಂಪನಿಗೆ ಅವು ಬೇಕಾಗುವುದಿಲ್ಲ. ಕೆಲವರು ಇನ್ನೂ ಸಲೀಸಾಗಿ ಕಳೆದುಕೊಳ್ಳುತ್ತಾರೆ, ಅವರ ಬೀಗ ಒಡೆಯಬೇಕಾಗಿಯೇ ಇಲ್ಲ. 2019ರಲ್ಲಿ ಐಎಂಎ ಮುಳುಗಿದಾಗ ಹಲಾಲ್ ಲಾಭ ಎಂಬ ಮಾತಿಗೆ ಮರುಳಾಗಿ ನಮ್ಮ ಸಮುದಾಯದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಆ ಗಾಯ ಮಾಯುವ ಮುಂಚೆಯೇ ಈಗ "ಹಲಾಲ್ ಕಾಯಿನ್", ತಿಂಗಳಿಗೆ ಇಷ್ಟು ಗ್ಯಾರಂಟಿ ಎನ್ನುವ ಗ್ರೂಪುಗಳು ನಮ್ಮ ಫೋನಿಗೂ ಬಂದಿವೆ. ನಾವು ಇಮಾಮರೆಂದು ತಿಳಿದೇ ಸೇರಿಸಿದ್ದರು, ನಮ್ಮ ಹೆಸರು ನೋಡಿ ಇನ್ನಷ್ಟು ಜನ ಬರಲಿ ಎಂದು. ಕಳುವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ, ಕಳಿಸಿದ ವಿಳಾಸ, ಸಮಯ ಬರೆದಿಟ್ಟುಕೊಳ್ಳಿ. ಹೋದ ಹಣ ವಾಪಸ್ ತರಿಸಿಕೊಡುತ್ತೇವೆ, ಮೊದಲು ಫೀಸು ಕಟ್ಟಿ ಎನ್ನುವವರು ಎರಡನೇ ಸುತ್ತಿನ ಕಳ್ಳರು.

ನಮಗೆ ಈ ವಿದ್ಯೆ ಮದ್ರಸಾದಲ್ಲಿ ಕಲಿಸಿದ್ದಲ್ಲ, ಬಿ.ಎ.ಯಲ್ಲೂ ಅಲ್ಲ. ಎರಡು ವರ್ಷದ ಹಿಂದೆ ಹಳೇಬೀಡಿನ ಕಡೆಯ ಒಂದು ಕುಟುಂಬ ವಿರಾಸತ್ ಹಂಚಿಕೆಗೆಂದು ನಮ್ಮಲ್ಲಿಗೆ ಬಂತು. ಗಲ್ಫ್‌ನಲ್ಲಿದ್ದ ಮಗ ಎದೆನೋವಿನಿಂದ ತೀರಿಕೊಂಡಿದ್ದ. ತಂದೆ ಮೊದಲೇ ಇಲ್ಲ. ಹೆಂಡತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು, ಇಬ್ಬರು ಹೆಣ್ಣುಮಕ್ಕಳಿಗೆ ಮೂರನೇ ಎರಡು, ಉಳಿದ ಇಪ್ಪತ್ತನಾಲ್ಕನೇ ಒಂದು ತಮ್ಮನಿಗೆ. ಸೈಟು, ಕಂಪನಿಯಿಂದ ಬಂದ ಬಾಕಿ, ಎಲ್ಲ ಹಂಚಿ ಆಯಿತು. ಆಗ ತಮ್ಮ ಒಂದು ವಿಳಾಸ ತೋರಿಸಿದ. ಅಣ್ಣ ಹಿಂದೊಮ್ಮೆ ಕಳಿಸಿದ್ದು. ಇಂಟರ್ನೆಟ್‌ನಲ್ಲಿ ಹಾಕಿದರೆ ಎಷ್ಟು ಬಿಟ್‌ಕಾಯಿನ್ ಇದೆ ಎಂದು ಕಾಣುತ್ತದೆ. ಸೈಟಿಗಿಂತ ಹೆಚ್ಚಿನ ಬೆಲೆ. ಪದಗಳು ಎಲ್ಲಿಯೂ ಇಲ್ಲ. ಪೆಟ್ಟಿಗೆ, ಡೈರಿ, ಬಟ್ಟೆಯ ಮಡಿಕೆ, ಎಲ್ಲ ಹುಡುಕಿದರು. ಆ ತಾಯಿ ಕೇಳಿದರು, "ಹಜ್ರತ್, ಕಾಣಿಸ್ತಾ ಇದೆಯಲ್ಲ, ಅದನ್ನ ಯಾಕೆ ತೆಗೆಯೋಕೆ ಆಗಲ್ಲ?" ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿ ಇಷ್ಟೆಲ್ಲ ಕಲಿತೆವು. ಹಣ ಇಂದಿಗೂ ಹಾಗೇ ಕಾಣುತ್ತಿದೆ.

ಆದ್ದರಿಂದ ಕಳ್ಳನಿಗೆ ಸಿಗದ ಹಾಗೆ ಇಟ್ಟರೆ ಅರ್ಧ ಕೆಲಸ, ವಾರಸುದಾರರಿಗೆ ಸಿಗುವ ಹಾಗೆ ಇಡುವುದು ಇನ್ನರ್ಧ. ಕೊಡಬೇಕಾದದ್ದು, ಬರಬೇಕಾದದ್ದು ಇರುವವನು ವಸಿಯ್ಯತ್ ಬರೆದಿಡದೆ ಮಲಗಬಾರದೆಂಬ ತಾಕೀತು ನಮ್ಮಲ್ಲಿ ಹೊಸತಲ್ಲ. ವಸಿಯ್ಯತ್ ಪತ್ರದಲ್ಲೇ ಆ ಪದಗಳನ್ನು ಬರೆಯಬೇಡಿ, ಅದನ್ನು ಹತ್ತು ಜನ ನೋಡುತ್ತಾರೆ. ಇಂಥ ಮಾಲು ಇದೆ, ಇಂಥ ಸಾಧನದಲ್ಲಿದೆ, ಪದಗಳ ಪ್ರತಿ ಇಂಥ ಕಡೆ ಮುದ್ರೆ ಹಾಕಿದ ಕವರಿನಲ್ಲಿದೆ, ತೆರೆಯುವಾಗ ಇಂಥವರನ್ನು ಜೊತೆಗೆ ಕರೆಯಿರಿ, ಇಷ್ಟು ಬರೆದರೆ ಸಾಕು. ಸಾಧನದ ಪಿನ್ ಬೇರೆ, ಪದಗಳು ಬೇರೆ ಎಂಬುದನ್ನೂ ಬರೆಯಿರಿ, ಮನೆಯವರು ಒಂದನ್ನು ಇನ್ನೊಂದೆಂದು ತಿಳಿದು ಗಾಬರಿಯಾಗಬಾರದು. ಝಕಾತ್ ಕೊಡುವ ದಿನ ವರ್ಷಕ್ಕೊಮ್ಮೆ ಒಡವೆ, ಹಣ ಎಲ್ಲ ಲೆಕ್ಕ ಹಾಕುತ್ತೀರಲ್ಲ, ಅದೇ ದಿನ ಕವರ್ ಇದ್ದಲ್ಲೇ ಇದೆಯೇ ಎಂದೂ ನೋಡಿ. ಮುಖ್ಯವಾಗಿ ಹೆಂಡತಿಗೆ ಹೇಳಿ. "ಅವಳಿಗೆ ಇದೆಲ್ಲ ಅರ್ಥವಾಗಲ್ಲ" ಎಂಬ ಮಾತನ್ನು ನಾವು ಬಹಳ ಗಂಡಸರ ಬಾಯಲ್ಲಿ ಕೇಳಿದ್ದೇವೆ. ಯುಪಿಐ ಬಂದಾಗಲೂ ಇದೇ ಹೇಳಿದ್ದರು, ಈಗ ಮನೆಯ ಹಾಲಿನ ಲೆಕ್ಕ, ಮಕ್ಕಳ ಫೀಸು ಎಲ್ಲ ಆಕೆಯ ಫೋನಿನಲ್ಲೇ ನಡೆಯುತ್ತದೆ.

ಆ ಯುವಕ ಎರಡು ವಾರದ ನಂತರ ಮತ್ತೆ ಸಿಕ್ಕ. ಹೊಸ ವಾಲೆಟ್ ತೆರೆದಿದ್ದಾನಂತೆ, ಹಣ ಸಾಗಿಸಿದ್ದಾನಂತೆ, ಪದಗಳನ್ನು ಎರಡು ಕಡೆ ಇಟ್ಟಿದ್ದಾನಂತೆ. ಮನೆಯಲ್ಲಿ ಹೇಳಿದೆಯೇನಪ್ಪ ಎಂದು ಕೇಳಿದೆವು. ತಲೆ ಕೆರೆದುಕೊಂಡ. "ಇವತ್ತು ಹೇಳ್ತೀನಿ, ಹಜ್ರತ್" ಎಂದ.